ಆಡಿಷನ್‌ಗೆ ಮುನ್ನ ಕೌಲ್ ಬಜಾರಿಗೊಂದು ಎಚ್ಚರಿಕೆ

ಟಿವಿ ಹಾಡಿನ ಸ್ಪರ್ಧೆಯ ಪ್ರೋಮೊ ಬಂದ ಮೇಲೆ ಬುದ್ಧಿಮಾತು ಯಾರ ಕಿವಿಗೂ ಬೀಳುವುದಿಲ್ಲ. ಆದ್ದರಿಂದ ಈಗಲೇ ಹೇಳಿಬಿಡುತ್ತೇವೆ. ದಖನಿ, ತೆಲುಗು, ಕನ್ನಡ ಮೂರೂ ಕೇಳಿಸುವ ಬಳ್ಳಾರಿಯ ಕೌಲ್ ಬಜಾರಿನ ಓಣಿಗಳಲ್ಲಿ ಹಾಡುವ ಮಕ್ಕಳಿಗೆ ಬರವಿಲ್ಲ. ಆತಂಕವಿರುವುದು ಅವರ ತಯಾರಿಯ ಬಗ್ಗೆ.

ಈಗ ತಯಾರಿ ಎಂದರೆ ಮೊಬೈಲು, ಕರೋಕೆ ಟ್ರ್ಯಾಕು, ಒಂದು ಹಿಟ್ ಹಾಡು, ದಿನಾ ಅದರದೇ ನಕಲು. ಟ್ರ್ಯಾಕಿನ ಶ್ರುತಿ ಮೂಲ ಗಾಯಕರ ಗಂಟಲಿಗೆ ಹೊಂದಿಸಿದ್ದು. ಹನ್ನೆರಡು-ಹದಿನೈದರ ನಡುವೆ ಹುಡುಗರ ದನಿ ಒಡೆದು, ಹೆಚ್ಚುಕಡಿಮೆ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಆ ಹೊತ್ತಿನಲ್ಲಿ ಹಳೇ ಶ್ರುತಿಗೇ ಎಳೆದು ಹಾಡಿಸಿದರೆ ಗಂಟಲು ಕೆಡುತ್ತದೆ; ಧ್ವನಿತಂತುಗಳ ಮೇಲೆ ಗಂಟು ಏಳುವುದೂ ಉಂಟು. ಕಟ್ಟಿದ ದನಿ ಮೂರು ವಾರವಾದರೂ ಬಿಡದಿದ್ದರೆ ಶುಂಠಿ-ಜೇನು ಸಾಕುಮಾಡಿ ವೈದ್ಯರಿಗೆ ತೋರಿಸಿ. ಜನ ಇನ್ನೂ ವಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆ ಕಂಟೋನ್ಮೆಂಟಿನಲ್ಲೇ ಇದೆ.

ಗೆಲ್ಲುವ ದಾರಿ ಯಾವುದು? ಹಾವೇರಿ ಜಿಲ್ಲೆಯ ಚಿಲ್ಲೂರು ಬಡ್ನಿಯ ಕುರಿಗಾಹಿ ಹನುಮಂತ ಜೀ ಕನ್ನಡದ ‘ಸರಿಗಮಪ’ 15ನೇ ಸೀಸನ್ನಿಗೆ ಬಂದದ್ದು ಜನಪದವನ್ನೇ ನೆಚ್ಚಿಕೊಂಡು. ಆತ ರನ್ನರ್ ಅಪ್ ಅಷ್ಟೇ. ಆದರೂ ಆ ಸೀಸನ್ ಎಂದರೆ ಜನರ ಬಾಯಿಗೆ ಮೊದಲು ಬರುವ ಹೆಸರು ಆತನದೇ. ನಮ್ಮಲ್ಲೇನು ಕಡಿಮೆ? ಸುಭದ್ರಮ್ಮ ಮನ್ಸೂರರ ರಂಗಗೀತೆ ಈ ಊರಿನ ಸೊತ್ತು. ಅಕ್ಷರ ಕಲಿಯದ ದರೋಜಿ ಈರಮ್ಮನವರು ಬುರ್ರಕಥೆಯ ಮಹಾಕಾವ್ಯಗಳನ್ನು ನಾಲಗೆಯ ಮೇಲೇ ಇಟ್ಟುಕೊಂಡು ನಾಡೋಜರಾದರು. ಇದನ್ನೆಲ್ಲ ಬಿಟ್ಟು ಎಲ್ಲರೂ ಹಾಡುವುದನ್ನೇ ಹಾಡಿದರೆ ತೀರ್ಪುಗಾರರು ಏಕೆ ತಲೆ ಎತ್ತಿ ನೋಡಬೇಕು?

ಮೊದಲು ಹಾರ್ಮೋನಿಯಂ ಬಲ್ಲವರೊಬ್ಬರ ಮುಂದೆ ಕೂರಿಸಿ ಮಗುವಿನ ಶ್ರುತಿ ಯಾವುದೆಂದು ತಿಳಿಯಿರಿ. ತಬಲದ ಜೊತೆ, ಟ್ರ್ಯಾಕಿಲ್ಲದೆ ಹಾಡಿಸಿ. ಮನೆಮಾತು ಬೇರೆಯಾದ ಮಕ್ಕಳಿಗೆ ಳ-ಲ, ಣ-ನ ತಿದ್ದಿಸಿ. ಸಾಹಿತ್ಯದ ಅರ್ಥ ಹೇಳಿಕೊಡಿ. ಅರ್ಥ ತಿಳಿಯದವನ ಹಾಡಿನಲ್ಲಿ ಭಾವ ಬರುವುದಿಲ್ಲ, ಎಷ್ಟೇ ಸಂಗತಿ ಹಾಕಿದರೂ.

ಇನ್ನೊಂದು ಅಪಾಯ ಫೋನಿನಲ್ಲಿ ಬರುತ್ತದೆ. ‘ಚಾನೆಲ್‌ನವರು ನನಗೆ ಗೊತ್ತು, ಸೆಲೆಕ್ಟ್ ಮಾಡಿಸ್ತೀನಿ’ ಎಂದು ಸ್ಕ್ಯಾನರ್ ಕಳಿಸುವವನಿಗೆ, ಪೀಸ್ ಲೆಕ್ಕದಲ್ಲಿ ಜೀನ್ಸ್ ಹೊಲಿದು ಕೂಡಿಟ್ಟ ದುಡ್ಡು ಕೊಡಬೇಡಿ. ಕೊಟ್ಟು ಮೋಸಹೋಗಿದ್ದರೆ ನಾಚಿಕೆ ಬಿಟ್ಟು ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಆಯ್ಕೆಯಾದರೆ? ಅಲ್ಲಿಗೆ ಹೆತ್ತವರ ಕೆಲಸ ಮುಗಿಯುವುದಿಲ್ಲ. 14 ತುಂಬದ ಮಕ್ಕಳಿಗೆ ಬಾಲಕಾರ್ಮಿಕ ಕಾಯ್ದೆಯ 2017ರ ತಿದ್ದುಪಡಿ ನಿಯಮಗಳು ರಕ್ಷಣೆ ಕೊಟ್ಟಿವೆ. ದಿನಕ್ಕೆ 5 ಗಂಟೆ ಮೀರಿ ಕೆಲಸ ಮಾಡಿಸುವಂತಿಲ್ಲ, ವಿರಾಮವಿಲ್ಲದೆ 3 ಗಂಟೆ ಮೀರುವಂತಿಲ್ಲ, ಸತತ 27 ದಿನ ದಾಟುವಂತಿಲ್ಲ. ನಿರ್ಮಾಪಕರು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಪಡೆದಿರಬೇಕು. ಮಗುವಿನ ಗಳಿಕೆಯ ಕನಿಷ್ಠ ಶೇ 20ರಷ್ಟು ಅದರ ಹೆಸರಿನಲ್ಲೇ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿಯಾಗಬೇಕು. ಒಪ್ಪಂದದ ಕಾಗದ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲೋ ಉರ್ದುವಿನಲ್ಲೋ ಓದಿಸಿ ಕೇಳಿ, ಇವಿಷ್ಟನ್ನೂ ವಿಚಾರಿಸಿ. ಆಮೇಲೆ ಸಹಿ ಹಾಕಿ.