ರೇಡಿಯೊದ ಆ ಧುನ್ ಯಾರದು?

ನಮ್ಮ ದಾದಿ ಫಜರ್ ನಮಾಜ್ ಮುಗಿಸಿ ರೇಡಿಯೊ ಹಚ್ಚುತ್ತಾರೆ. ಆಕಾಶವಾಣಿಯ ಕಾರ್ಯಕ್ರಮ ಶುರುವಾಗುವ ಮೊದಲು ತಂಬೂರಿ, ಪಿಟೀಲಿನ ಆ ಧುನ್ ಬರುತ್ತದೆ. ಕೇಳಿದಾಗಲೆಲ್ಲ ನನ್ನ ಮನಸ್ಸು ಭಾರವಾಗುತ್ತದೆ. ಅದನ್ನು ರಚಿಸಿದವರು ವಾಲ್ಟರ್ ಕೌಫ್‌ಮನ್ ಎಂಬ ಯಹೂದಿ ಎಂದು ಇತ್ತೀಚೆಗೆ ಓದಿದೆ. ಹಿಟ್ಲರನ ಕಾಲದಲ್ಲಿ ಯುರೋಪ್ ಬಿಟ್ಟು 1934ರಲ್ಲಿ ಮುಂಬೈಗೆ ಬಂದವರು. ಅವರಿಗೆ ಆಕಾಶವಾಣಿಯಲ್ಲಿ ಕೆಲಸ ಸಿಕ್ಕಿತು, ನಮಗೆ ಈ ಧುನ್ ಸಿಕ್ಕಿತು. ಆದರೆ ಇಂಥವರಿಗೆ ಬಾಗಿಲು ತೆರೆದವರು ಯಾರೆಂದು ನಾವು ಕೇಳುವುದೇ ಇಲ್ಲ.

ಒಂದು ಹೆಸರು ನಮ್ಮ ನಾಡಿನದೇ: ಸರ್ ಮಿರ್ಜಾ ಇಸ್ಮಾಯಿಲ್, 1926ರಿಂದ 1941ರವರೆಗೆ ಮೈಸೂರು ಸಂಸ್ಥಾನದ ದಿವಾನರು. ಬರ್ಲಿನ್ ನಗರದ ಒಟ್ಟೊ ಕೋನಿಗ್ಸ್‌ಬರ್ಗರ್ ಯಹೂದಿ ಎಂಬ ಕಾರಣಕ್ಕೆ 1933ರಲ್ಲಿ ಕೆಲಸ ಕಳೆದುಕೊಂಡು ಈಜಿಪ್ಟಿಗೆ ಹೋಗಿದ್ದರು. 1939ರಲ್ಲಿ ಮಿರ್ಜಾ ಅವರ ಆಡಳಿತ ಅವರನ್ನು ಕರೆಸಿ ಸಂಸ್ಥಾನದ ವಾಸ್ತುಶಿಲ್ಪಿಯಾಗಿ ನೇಮಿಸಿತು. ಹಿಂದೂ ಮಹಾರಾಜರ ರಾಜ್ಯದಲ್ಲಿ ಮುಸ್ಲಿಂ ದಿವಾನರು ಯಹೂದಿಯೊಬ್ಬರಿಗೆ ನೆಲೆ ಕೊಟ್ಟರು.

ನಾನು ಕಾಮರ್ಸ್ ವಿದ್ಯಾರ್ಥಿ. ಲೆಡ್ಜರಿನ ಎರಡೂ ಬದಿ ನೋಡುವುದನ್ನು ಕಲಿಯುತ್ತಿದ್ದೇನೆ. ಕೊಟ್ಟದ್ದು ದಾನವಲ್ಲ, ನೌಕರಿ. ಅವರಿಗೆ ಸಂಬಳ, ಮರ್ಯಾದೆ ಎರಡೂ ಸಿಕ್ಕವು. ನಮಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಟ್ಟಡಗಳು ಬಂದವು. 1948ರಲ್ಲಿ ಅವರು ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾಗಿ, ದೇಶ ವಿಭಜನೆಯಲ್ಲಿ ಮನೆ ಕಳೆದುಕೊಂಡವರ ವಸತಿಗಾಗಿ ದುಡಿದರು. ಒಮ್ಮೆ ತಾನೇ ನಿರಾಶ್ರಿತನಾಗಿದ್ದವರು ನಿರಾಶ್ರಿತರಿಗೆ ಮನೆ ಕಟ್ಟಲು ನಿಂತರು.

ಇದನ್ನು ಈಗ ಬರೆಯಲು ಕಾರಣವಿದೆ. ಗಾಜಾದ ಮಕ್ಕಳ ಚಿತ್ರ ನೋಡಿ ನಮಗೆಲ್ಲ ಸಂಕಟ, ಸಿಟ್ಟು ಬರುತ್ತದೆ. ಬರಲೇಬೇಕು. ಆದರೆ ಆ ಸಿಟ್ಟಿನಲ್ಲಿ ‘ಯಹೂದಿ’ ಎಂಬ ಪದವನ್ನೇ ಬೈಗುಳ ಮಾಡಿಕೊಂಡವರಿದ್ದಾರೆ. ನಾನೂ ಹಾಗೆ ಬೈದದ್ದುಂಟು. ಬಾಡಿಗೆ ಮನೆ ಕೇಳಲು ಹೋದಾಗ ಅಬ್ಬಾನ ಹೆಸರು ಕೇಳಿದ ಮೇಲೆ ‘ಮನೆ ಖಾಲಿ ಇಲ್ಲ’ ಎಂದವರನ್ನು ನಾನು ಮರೆತಿಲ್ಲ. ಯಾರದೋ ತಪ್ಪಿಗೆ ನಮ್ಮನ್ನು ಹೆಸರಿನಿಂದ ಅಳೆದರೆ ನೋವಾಗುತ್ತದೆ. ಅದೇ ಅಳತೆಗೋಲನ್ನು ನಾವು ಇನ್ನೊಬ್ಬರ ಮೇಲೆ ಇಡಬಹುದೇ? ಅನ್ಯಾಯ ಮಾಡುವ ಸರ್ಕಾರವನ್ನು ಖಂಡಿಸೋಣ, ಒಂದು ಇಡೀ ಜನಾಂಗವನ್ನಲ್ಲ. ಮಿರ್ಜಾ ಸಾಹೇಬರ ನಾಡಿನ ಮಕ್ಕಳಾದ ನಮಗೆ ಈ ವ್ಯತ್ಯಾಸ ತಿಳಿದಿರಬೇಕು.

ಧುನ್ ಯಾರದೆಂದು ದಾದಿಗೆ ಹೇಳಿದೆ. ‘ಬೇಚಾರಾ, ಮನೆ ಬಿಟ್ಟು ಬಂದವನು’ ಎಂದು ರೇಡಿಯೊದ ಸೌಂಡ್ ಸ್ವಲ್ಪ ಏರಿಸಿದರು.