ಸೀಟಿಗಾಗಿ ಬರೆಯುವ ಕಾಗದ

ಖಾನಾಪುರ ತಾಲೂಕಿನ ಹಳ್ಳಿಯೊಂದರಿಂದ ವಾಚಕ ಮಹನೀಯರೊಬ್ಬರು ಮೂರು ಪುಟಗಳ ಕಾಗದ ಬರೆದಿದ್ದಾರೆ. ಅವರ ಮಗಳು ಊರಿನ ಕನ್ನಡ ಶಾಲೆಯಲ್ಲಿ ಕಲಿತು, ಬೆಳಗಾವಿಯಲ್ಲಿ ಪಿ.ಯು.ಸಿ. ಮುಗಿಸಿ, ಈ ವರ್ಷ ನೀಟ್ ಪರೀಕ್ಷೆಗೆ ಕುಳಿತಿದ್ದಳು. ಮೊದಲನೆಯ ಸುತ್ತಿನಲ್ಲಿ ಅವಳಿಗೆ ದಂತವೈದ್ಯಕೀಯದ ಸೀಟು ದೊರೆತಿದೆ; ಎಂ.ಬಿ.ಬಿ.ಎಸ್. ಸ್ವಲ್ಪದರಲ್ಲಿ ತಪ್ಪಿದೆ. ಕಾಯುವವರ ಪಟ್ಟಿಯಲ್ಲಿರುವ ವಿದ್ಯಾರ್ಥಿಗಳು ಅಮೆರಿಕೆಯಲ್ಲಿ ಕಾಲೇಜಿಗೆ ಕಾಗದ ಬರೆದು ಸೀಟು ಪಡೆಯುತ್ತಾರೆಂದು ನೆರೆಮನೆಯ ಹುಡುಗ ಹೇಳಿದನಂತೆ. “ಬೆಳಗಾವಿಯ ಸರಕಾರಿ ವೈದ್ಯಕೀಯ ಕಾಲೇಜಿನ ಮುಖ್ಯಸ್ಥರಿಗೆ ಅಂಥದೊಂದು ಕಾಗದ ಹೇಗೆ ಬರೆಯಬೇಕು? ತಾವು ಒಂದು ಮಾದರಿ ಕೊಡಬೇಕು” ಎಂದು ಅವರ ಕೋರಿಕೆ.

ನೆರೆಮನೆಯ ಹುಡುಗ ಸುಳ್ಳು ಹೇಳಿಲ್ಲ. ಕಳೆದ ಮೇ ತಿಂಗಳಲ್ಲಿ ಬೆಳಗಾವಿಯ ಟಿಳಕವಾಡಿಯಿಂದ ಅಜ್ಜಿಯೊಬ್ಬರು ಇದೇ ವಿಷಯವಾಗಿ ಬರೆದಿದ್ದರು. ಅವರ ಮೊಮ್ಮಗಳು ಅಮೆರಿಕೆಯಲ್ಲಿ ಮೂರು ವೈದ್ಯಕೀಯ ಕಾಲೇಜುಗಳ ಕಾಯುವ ಪಟ್ಟಿಯಲ್ಲಿದ್ದಳು. ಆ ದೇಶದಲ್ಲಿ ಒಂದಕ್ಕಿಂತ ಹೆಚ್ಚು ಕಾಲೇಜುಗಳಿಂದ ಒಪ್ಪಿಗೆ ಪಡೆದವರು ಏಪ್ರಿಲ್ 30ರ ಹೊತ್ತಿಗೆ ಒಂದನ್ನು ಉಳಿಸಿಕೊಂಡು ಉಳಿದವನ್ನು ಬಿಟ್ಟುಕೊಡಬೇಕೆಂಬ ಕಟ್ಟಳೆಯಿದೆ. ಹಾಗೆ ತೆರವಾದ ಸ್ಥಾನಗಳಿಗೆ ತರಗತಿಗಳು ಆರಂಭವಾಗುವವರೆಗೂ ಕಾಯುವ ಪಟ್ಟಿಯಿಂದ ಕರೆ ಹೋಗುತ್ತಿರುತ್ತದೆ. ಆ ವೇಳೆಗೆ ವಿದ್ಯಾರ್ಥಿಗಳು ಎರಡು ಬಗೆಯ ಕಾಗದ ಬರೆಯುವುದುಂಟು. ಅರ್ಜಿ ಹಾಕಿದ ಮೇಲೆ ತಾನು ಏನು ಕಲಿತೆ, ಯಾವ ಆಸ್ಪತ್ರೆಯಲ್ಲಿ ಸೇವೆ ಮಾಡಿದೆ, ಯಾವ ಸಂಶೋಧನೆಯಲ್ಲಿ ಕೈಗೂಡಿಸಿದೆ ಎಂದು ತಿಳಿಸುವುದು ಒಂದು. “ನೀವು ಕರೆದರೆ ಬೇರೆಲ್ಲವನ್ನೂ ಬಿಟ್ಟು ನಿಮ್ಮಲ್ಲಿಗೇ ಬರುವೆ” ಎಂದು ವಚನ ಕೊಡುವುದು ಇನ್ನೊಂದು. ಇಂಥ ಕಾಗದಗಳನ್ನು ಕೆಲವು ಕಾಲೇಜುಗಳು ಬೇಡವೆನ್ನುತ್ತವೆ, ಬೇಡವೆಂದಲ್ಲಿ ಬರೆಯತಕ್ಕದ್ದಲ್ಲ.

ಅಜ್ಜಿಯ ಪ್ರಶ್ನೆ ನನಗೆ ಬಹಳ ಹಿಡಿಸಿತು. “ಈ ಎರಡನೆಯ ಕಾಗದವನ್ನು ಮೂರು ಕಾಲೇಜುಗಳಿಗೂ ಬರೆಯೆಂದು ಗೆಳತಿಯರು ಹೇಳುತ್ತಿದ್ದಾರಂತೆ. ಮೂರು ಮನೆಗೆ ಮಾತು ಕೊಟ್ಟ ಹಾಗಾಗದೇ?” ಎಂದು ಅವರು ಕೇಳಿದ್ದರು. ಆಗುತ್ತದೆ ತಾಯಿ, ಎಂದು ಬರೆದೆ. ಮಾತು ಒಂದೇ ಮನೆಗೆ. ಉಳಿದೆರಡಕ್ಕೆ ಹೊಸ ವರ್ತಮಾನ ಮಾತ್ರ ಸಾಕು. ಕಾಗದ ಒಂದು ಪುಟ ಮೀರದಿರಲಿ, ಮೊದಲ ಅರ್ಜಿಯಲ್ಲಿ ಹೇಳಿದ್ದನ್ನೇ ಮತ್ತೆ ಹೇಳದಿರಲಿ ಎಂದೂ ಸೇರಿಸಿದೆ. ಮೊಮ್ಮಗಳು ಹಾಗೆಯೇ ಮಾಡಿದಳಂತೆ. ಕರೆ ಇನ್ನೂ ಬಂದಿಲ್ಲ.

ಇನ್ನು ಖಾನಾಪುರದ ಮಾತು. ಅರ್ಜಿದಾರನ ವ್ಯಕ್ತಿತ್ವವನ್ನು ತೂಗಿ ಸೀಟು ಕೊಡುವ ಪದ್ಧತಿ ನಮ್ಮಲ್ಲಿ ಇರಲೇ ಇಲ್ಲವೆನ್ನುವಂತಿಲ್ಲ. ಹಿಂದಿನ ಮೈಸೂರು ರಾಜ್ಯದಲ್ಲಿ ವೈದ್ಯಕೀಯ, ಇಂಜಿನಿಯರಿಂಗ್ ಕಾಲೇಜುಗಳ ಪ್ರವೇಶಕ್ಕೆ ಸಂದರ್ಶನವಿತ್ತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇಕಡಾ 25ರಷ್ಟನ್ನು ಸಂದರ್ಶನಕ್ಕೆಂದು ಇಟ್ಟಿದ್ದರು. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್.ಸಿ.ಸಿ., ಆಟ, ಚರ್ಚೆ, ನಾಟಕ, ಸಮಾಜಸೇವೆ ಎಲ್ಲವೂ ಲೆಕ್ಕಕ್ಕೆ ಬರುತ್ತಿದ್ದವು. ಇದನ್ನು ಪ್ರಶ್ನಿಸಿದ ಚಿತ್ರಲೇಖಾ ಮೊಕದ್ದಮೆಯಲ್ಲಿ 1964ರಲ್ಲಿ ಸುಪ್ರೀಂ ಕೋರ್ಟು ಸಂದರ್ಶನದ ಪದ್ಧತಿಯನ್ನು ಎತ್ತಿಹಿಡಿಯಿತು. ಬೆಳಗಾವಿಯಲ್ಲಿ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಆರಂಭವಾಗಿ ಆಗ ಒಂದೇ ವರ್ಷ. ಸಂದರ್ಶನವಿದ್ದಲ್ಲಿ ಶಿಫಾರಸು ಹಿಂದಿನ ಬಾಗಿಲಿನಿಂದ ಬಾರದಿರುವುದು ಕಷ್ಟ. 1994ರಲ್ಲಿ ರಾಜ್ಯದಲ್ಲಿ ಸಿ.ಇ.ಟಿ. ಬಂದಾಗ ಎಷ್ಟೋ ಬಡ ಮನೆಗಳಲ್ಲಿ ನಿಟ್ಟುಸಿರು ಬಿಟ್ಟದ್ದು ಈ ಕಾರಣಕ್ಕಾಗಿಯೇ. ಈಗ ಸಿ.ಇ.ಟಿ.ಯ ಸ್ಥಾನದಲ್ಲಿ ವೈದ್ಯಕೀಯಕ್ಕೆ ನೀಟ್ ಇದೆ.

ಆದುದರಿಂದ, ಹಿರಿಯರೇ, ತಮ್ಮ ಕಾಗದ ಎಷ್ಟು ಸೊಗಸಾಗಿದ್ದರೂ ಕಾಲೇಜಿನ ಮುಖ್ಯಸ್ಥರು ಅದನ್ನು ಓದಿ ಮಡಚಿಡಬಲ್ಲರೇ ಹೊರತು ಸೀಟು ಕೊಡಲಾರರು. ಆ ಅಧಿಕಾರವೇ ಅವರಿಗಿಲ್ಲ. ಸರಕಾರಿ ಕಾಲೇಜಿನ ಸೀಟುಗಳಲ್ಲಿ ಶೇಕಡಾ 15 ಅಖಿಲ ಭಾರತ ಕೋಟಾಕ್ಕೆ ಸೇರಿ ದಿಲ್ಲಿಯ ಸಮಿತಿಯ ಮೂಲಕ ಹಂಚಿಕೆಯಾಗುತ್ತವೆ. ಉಳಿದವು ಬೆಂಗಳೂರಿನ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ. ಡೀಮ್ಡ್ ವಿಶ್ವವಿದ್ಯಾಲಯಕ್ಕೆ ಸೇರಿದ ನೆಹರೂ ಕಾಲೇಜಿನ ಸೀಟುಗಳೂ ದಿಲ್ಲಿಯ ಕೌನ್ಸೆಲಿಂಗಿನಲ್ಲಿಯೇ. ಖಾಸಗಿ ಕಾಲೇಜುಗಳ ಮ್ಯಾನೇಜ್‌ಮೆಂಟ್ ಸೀಟು, ಎನ್.ಆರ್.ಐ. ಸೀಟುಗಳೂ ಕೌನ್ಸೆಲಿಂಗನ್ನು ದಾಟಿ ಹೋಗುವಂತಿಲ್ಲ. “ಒಳಗಿನವರ ಪರಿಚಯವಿದೆ, ಒಂದು ಕಾಗದ, ಸ್ವಲ್ಪ ಮುಂಗಡ ಕೊಡಿ” ಎನ್ನುವವನು ಬಾಗಿಲಿಗೆ ಬಂದರೆ ಚಹಾ ಕೂಡ ಕೊಡಬೇಡಿರಿ.

ಹಾಗಾದರೆ ಮನದ ಇಚ್ಛೆಯನ್ನು ತಿಳಿಸುವ ಬಗೆ ಇಲ್ಲವೇ? ಇದೆ. ಪ್ರಾಧಿಕಾರದ ಜಾಲತಾಣದಲ್ಲಿ ತಮ್ಮ ಮಗಳು ತುಂಬಿದ ಕಾಲೇಜುಗಳ ಆಯ್ಕೆಪಟ್ಟಿಯೇ ಅವಳ ಕಾಗದ. ಗಣಕಯಂತ್ರವು ಅದನ್ನು ಮೇಲಿನಿಂದ ಓದುತ್ತದೆ. ಅವಳ ರ‍್ಯಾಂಕಿಗೆ ದೊರೆಯಬಹುದಾದ ಮೊದಲ ಸೀಟಿನಲ್ಲಿ ನಿಲ್ಲುತ್ತದೆ. ಅದರ ಕೆಳಗಿನವು ಅಳಿದುಹೋಗುತ್ತವೆ. ಅನೇಕ ತಂದೆತಾಯಿಗಳು “ಹೇಗೂ ಸಿಗುವುದಿಲ್ಲ” ಎಂದು ಬಯಸಿದ ಕಾಲೇಜನ್ನು ಕೆಳಗೆ ತಳ್ಳಿ, ಸಿಗಬಹುದಾದುದನ್ನು ಮೇಲೆ ಬರೆಯುತ್ತಾರೆ. ಇದು ದೊಡ್ಡ ತಪ್ಪು. ಸಿಗಲಾರದ್ದನ್ನು ಮೇಲೆ ಬರೆದುದರಿಂದ ಕಳೆದುಕೊಳ್ಳುವುದು ಏನೂ ಇಲ್ಲ. ಬೇಡವಾದುದನ್ನು ಮೇಲೆ ಬರೆದರೆ ಅದೇ ಕೊರಳಿಗೆ ಬೀಳುತ್ತದೆ. ನಿಜವಾದ ಹಂಚಿಕೆಗೆ ಮುಂಚೆ ಅಣಕು ಹಂಚಿಕೆಯೊಂದನ್ನು ಪ್ರಕಟಿಸುವುದು ಈ ಕ್ರಮವನ್ನು ತಿದ್ದಿಕೊಳ್ಳಲೆಂದೇ.

ಬರೆದರೆ ಫಲ ಸಿಗುವ ಅರ್ಜಿ ಮತ್ತೊಂದಿದೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇಕಡಾ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಮೀಸಲು ಇದೆ. ಖಾನಾಪುರದ ಕಡೆ ಮರಾಠಿ ಶಾಲೆಗಳಲ್ಲಿ ಓದಿದ ಹಳ್ಳಿಯ ಮಕ್ಕಳೂ ಗ್ರಾಮೀಣ ಮೀಸಲಿಗೆ ಅರ್ಹರೆಂಬುದು ಎಷ್ಟೋ ಮನೆಗಳಲ್ಲಿ ತಿಳಿದಿಲ್ಲ. ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಇರುವ ವ್ಯಾಸಂಗ ಪ್ರಮಾಣಪತ್ರ ಇದಕ್ಕೆ ಬೇಕು. ಮಗಳ ದಾಖಲೆಯಲ್ಲಿ ಇವೆರಡೂ ನಮೂದಾಗಿವೆಯೇ? ತಮ್ಮ ಕಾಗದದಲ್ಲಿ ಆ ಸುದ್ದಿಯೇ ಇಲ್ಲ. ತಪ್ಪಿದ್ದರೆ ತಿದ್ದುಪಡಿಗೆಂದು ಪ್ರಾಧಿಕಾರ ಕೊಡುವ ದಿನಗಳೊಳಗೆ ತಿದ್ದಿಸಿಕೊಳ್ಳಬೇಕು. ಅವಧಿ ಮೀರಿದ ಮೇಲೆ ಕಣ್ಣೀರಿಗೆ ಬೆಲೆಯಿಲ್ಲ.

ಈಗ ತಮ್ಮ ನಿಜವಾದ ಸಂಕಟಕ್ಕೆ ಬರೋಣ. ದಂತವೈದ್ಯಕೀಯದ ಸೀಟನ್ನು ಹಿಡಿದುಕೊಂಡು ಮುಂದಿನ ಸುತ್ತಿಗೆ ಕಾಯಬೇಕೇ, ಬಿಟ್ಟು ಕಾಯಬೇಕೇ? ಇದಕ್ಕೆ ಎರಡು ಮೂರು ದಿನಗಳ ಅವಧಿ ಮಾತ್ರ ಇರುವುದರಿಂದ ತಮಗೆ ದೂರವಾಣಿಯಲ್ಲಿಯೇ ಉತ್ತರಿಸಿದ್ದೇನೆ. ಉಳಿದ ವಾಚಕರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಹಿಡಿದುಕೊಂಡರೆ ಶುಲ್ಕ ತುಂಬಬೇಕು. ಮೇಲಿನ ಆಯ್ಕೆಗಳಲ್ಲಿ ಒಂದು ಸಿಕ್ಕರೆ ಹಳೆಯದು ತಾನಾಗಿ ಬಿಡುತ್ತದೆ, ಸಿಗದಿದ್ದರೆ ಕೈಯಲ್ಲಿದ್ದುದು ಉಳಿಯುತ್ತದೆ. ಬಿಟ್ಟರೆ ಅದು ಬೇರೆಯವರದು. ಮುಂದೆ ಏನೂ ಸಿಗದಿದ್ದರೆ ವರ್ಷವೇ ಹೋಗುತ್ತದೆ. ಮೇಲೆ ರ‍್ಯಾಂಕು ಪಡೆದವರು ಏಮ್ಸ್‌ಗೋ ಬೇರೆ ರಾಜ್ಯದ ಕಾಲೇಜಿಗೋ ಹೊರಟುಹೋದಂತೆಲ್ಲ ಇಲ್ಲಿ ಸೀಟುಗಳು ಜರುಗುತ್ತವೆ; ಸ್ವಲ್ಪದರಲ್ಲಿ ತಪ್ಪಿದವರಿಗೆ ಆಸೆಯಿಡಲು ಕಾರಣವಿದೆ. ಆದರೆ ಆಸೆಯನ್ನು ಬ್ಯಾಂಕಿನಲ್ಲಿ ಇಡಲಾಗದು. ಹಿಡಿದುಕೊಂಡು ಕಾಯುವುದೇ ಲೇಸೆಂದು ನನ್ನ ಅಭಿಪ್ರಾಯ, ಒಂದು ಷರತ್ತಿನ ಮೇಲೆ.

ಮೂರು ಪುಟಗಳಲ್ಲಿ ತಮ್ಮ ಕನಸಿದೆ, ಹೊಲದ ಮೇಲೆ ಸಾಲ ತೆಗೆಯುವ ಮಾತಿದೆ, ಬೀಗರ ಮಾತಿದೆ. ಮಗಳ ಮಾತು ಒಂದೂ ಇಲ್ಲ. ಎಂ.ಬಿ.ಬಿ.ಎಸ್. ಸಿಗದಿದ್ದರೆ ದಂತವೈದ್ಯೆಯಾಗಿ ಸಂತೋಷದಿಂದ ಇರಬಲ್ಲಳೇ? ಇರಬಲ್ಲೆನೆಂದರೆ ಸೀಟನ್ನು ಬಿಡಬೇಡಿರಿ. ಇಲ್ಲವೆಂದು ಅವಳು ಖಚಿತವಾಗಿ ಹೇಳಿದರೆ ಶುಲ್ಕ ತುಂಬುವ ಮೊದಲೇ ಬಿಡುವುದು ಒಳ್ಳೆಯದು. ಕೊನೆಯ ಸುತ್ತುಗಳಲ್ಲಿ ಸೀಟು ಪಡೆದು ಸೇರದವರಿಗೆ ಠೇವಣಿ ಮುಟ್ಟುಗೋಲು, ದಂಡ ಮುಂತಾದ ಕಟ್ಟಳೆಗಳಿವೆ. ಇವು ವರ್ಷಕ್ಕೊಮ್ಮೆ ಬದಲಾಗುವುದರಿಂದ ಆಯಾ ವರ್ಷದ ಕೈಪಿಡಿಯನ್ನು ತಾವೇ ಕುಳಿತು ಓದಬೇಕು.

ಕೊನೆಯದಾಗಿ ಮಳೆಯ ವಿಷಯ. ಕೌನ್ಸೆಲಿಂಗು ನಡೆಯುವುದು ಮಲಪ್ರಭೆ ತುಂಬಿ ಹರಿಯುವ ದಿನಗಳಲ್ಲಿ. ಕಣಕುಂಬಿ, ಜಾಂಬೋಟಿಯ ಕಡೆಯ ಕಾಡು ಹಳ್ಳಿಗಳಲ್ಲಿ ಆಗ ವಿದ್ಯುತ್ತೂ ಇಲ್ಲ, ಮೊಬೈಲಿನ ಸಂಪರ್ಕವೂ ಇಲ್ಲ. ಗುಡ್ಡ ಹತ್ತಿ ಸಂದೇಶ ನೋಡುತ್ತೇವೆಂದು ತಾವು ಬರೆದಿದ್ದೀರಿ. ಆ ವಾರ ಮಗಳನ್ನು ಬೆಳಗಾವಿಯಲ್ಲಿರುವ ಅವಳ ಸೋದರಮಾವನ ಮನೆಯಲ್ಲಿ ಇರಿಸಿರಿ. ಅಂಕಪಟ್ಟಿ, ಪ್ರಮಾಣಪತ್ರಗಳ ಮೂಲಪ್ರತಿಗಳೂ ಅವಳೊಡನೆ ಇರಲಿ. ಗುಪ್ತಪದವನ್ನು ಸೈಬರ್ ಅಂಗಡಿಯವನಿಗೆ ಬರೆದುಕೊಡಬೇಡಿರಿ. ಎರಡನೆಯ ಸುತ್ತಿನ ಫಲ ತಿಳಿದೊಡನೆ ಒಂದು ಕಾರ್ಡು ಬರೆಯಿರಿ, ಈ ಸಲ ಮಗಳ ಕೈಯಿಂದಲೇ ಬರೆಸಿರಿ.