ಒಡೆದ ಗೋಡೆಯ ರಾಬಿಟ್ ಯಾರ ಪಾಲಿಗೆ?

ಮುಂಬಯಿ: ಮಳೆಗಾಲ ಮುಗಿದು ದೀಪಾವಳಿ ಕಳೆಯಿತೆಂದರೆ ಮಹಾನಗರದ ಹೌಸಿಂಗ್ ಸೊಸೈಟಿಗಳಲ್ಲಿ ಸುತ್ತಿಗೆಯ ಸದ್ದು ಆರಂಭ. ಒಬ್ಬರಿಗೆ ಬಾತ್‌ರೂಮ್ ಸೋರಿಕೆ, ಇನ್ನೊಬ್ಬರಿಗೆ ಮಗನ ಮದುವೆಗೆ ಮೊದಲು ಅಡುಗೆಮನೆಯ ಹೊಸ ಕಟ್ಟೆ. ಟೈಲ್ಸ್ ಆರಿಸಲು ಮನೆಮಂದಿಯೆಲ್ಲ ನಾಲ್ಕು ಅಂಗಡಿ ಸುತ್ತುತ್ತಾರೆ. ಒಡೆದ ಹಳೆಯ ಟೈಲ್ಸ್ ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಮಹಾನಗರಪಾಲಿಕೆಯ ಮರಾಠಿ ಫಲಕದಲ್ಲಿ ಅದು ‘ರಾಡಾರೋಡಾ’, ಮಿಸ್ತ್ರಿಯ ಬಾಯಲ್ಲಿ ‘ರಾಬಿಟ್’. ಕಂತ್ರಾಟಿನ ಕಾಗದದಲ್ಲಿ ಅದಕ್ಕೆ ಒಂದೇ ಸಾಲು: ‘ರಾಬಿಟ್ ಸಾಗಾಟ ಸೇರಿ’.

ಆ ಒಂದು ಸಾಲಿನಲ್ಲಿ ಎಷ್ಟು ಭಾರ ಅಡಗಿದೆ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಐದು ಅಡಿ ಅಗಲ, ಏಳು ಅಡಿ ಉದ್ದದ ಸಾಧಾರಣ ಬಾತ್‌ರೂಮ್ ಎಂದಿಟ್ಟುಕೊಳ್ಳೋಣ. ಏಳು ಅಡಿ ಎತ್ತರದವರೆಗೆ ಟೈಲ್ಸ್ ಮತ್ತು ಅದರ ಹಿಂದಿನ ಪ್ಲಾಸ್ಟರ್ ತೆಗೆದು, ನೆಲದಡಿಯ ಮುಕ್ಕಾಲು ಅಡಿ ಇಟ್ಟಿಗೆ ಚೂರಿನ ಕೋಬಾ ಕಿತ್ತರೆ ಸುಮಾರು ಎರಡೂವರೆ ಟನ್ ಆಗುತ್ತದೆ. ಮೂವತ್ತು ಕಿಲೋದ ಲೆಕ್ಕದಲ್ಲಿ ಎಂಬತ್ತಕ್ಕೂ ಹೆಚ್ಚು ಗೋಣಿ. ಒಡೆದಾಗ ಉಬ್ಬುವುದರಿಂದ ಅದು ಮುಕ್ಕಾಲು ಬ್ರಾಸ್ ಜಾಗ ಹಿಡಿಯುತ್ತದೆ. (ಮರಳು, ಜಲ್ಲಿ ತರಿಸಿದವರಿಗೆ ಬ್ರಾಸ್ ಎಂದರೆ ನೂರು ಘನ ಅಡಿ ಎಂಬುದು ಗೊತ್ತೇ ಇದೆ.) ಊರೆಲ್ಲ ಓಡಾಡುವ ಛೋಟಾ ಹಾಥಿ ಟೆಂಪೋ ಹೊರಬಲ್ಲದ್ದು ಮುಕ್ಕಾಲು ಟನ್ನಿನ ಆಸುಪಾಸು. ಅಂದರೆ ಒಂದು ಬಾತ್‌ರೂಮಿಗೆ ನಾಲ್ಕು ಖೇಪು. ಕಂತ್ರಾಟುದಾರ ಒಂದೇ ಖೇಪಿನ ಹಣ ಹಿಡಿದಿದ್ದರೆ ಉಳಿದ ಮೂರು ಎಲ್ಲಿಗೆ ಹೋದವು? ರಾತ್ರಿ ಹನ್ನೊಂದರ ಮೇಲೆ ಖಾಡಿಯ ದಂಡೆಗೋ, ಹೈವೇ ಪಕ್ಕಕ್ಕೋ, ಮತ್ತೊಂದು ಸೊಸೈಟಿಯ ಹಿಂಗೋಡೆಯ ಆಚೆಗೋ.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದದ್ದನ್ನು ಈ ಪುಟದ ಓದುಗರಿಗೆ ನೆನಪಿಸಬೇಕಿಲ್ಲ. ಕಲೀನಾ, ಕುರ್ಲಾ, ಸಾಕಿನಾಕಾದಲ್ಲಿದ್ದ ನಮ್ಮವರ ಎಷ್ಟೋ ಹೊಟೇಲುಗಳಿಗೆ ನೀರು ನುಗ್ಗಿತ್ತು. ಅಂಥ ಮಳೆಗೆ ಯಾವ ಊರೂ ತಡೆಯದು, ನಿಜ. ಆದರೆ ಮಿಠಿ ನದಿಯ ಪಾತ್ರ ಒತ್ತುವರಿಯಿಂದಲೂ ಸುರಿದ ಕಸ-ರಾಬಿಟ್‌ನಿಂದಲೂ ಕಿರಿದಾಗಿತ್ತು ಎಂಬುದೂ ಅಷ್ಟೇ ನಿಜ. ದೇವನಾರ್ ಡಂಪಿಂಗ್ ಗ್ರೌಂಡ್‌ಗೆ ಬೆಂಕಿ ಬಿದ್ದ 2016ರಲ್ಲಿ ಬಾಂಬೆ ಹೈಕೋರ್ಟು ಮುಂಬಯಿಯಲ್ಲಿ ಹೊಸ ಕಟ್ಟಡಗಳ ಅನುಮತಿಗೇ ತಡೆ ಹಾಕಿತು. ಸುಪ್ರೀಂ ಕೋರ್ಟು 2018ರ ಮಾರ್ಚ್‌ನಲ್ಲಿ ಅದನ್ನು ಸಡಿಲಿಸಿದ್ದು ರಾಬಿಟ್ ಎಲ್ಲಿ ಹಾಕುತ್ತೀರಿ ಎಂಬುದನ್ನು ತೋರಿಸಬೇಕೆಂಬ ಷರತ್ತಿನ ಮೇಲೆ. 

ಅದೇ 2016ರಲ್ಲಿ ಕೇಂದ್ರ ಸರಕಾರ ಕಟ್ಟಡ ತ್ಯಾಜ್ಯಕ್ಕಾಗಿಯೇ ಪ್ರತ್ಯೇಕ ನಿಯಮಾವಳಿ ತಂದಿತು. ಅದರ ಸ್ಥಾನಕ್ಕೆ 2025ರ ಏಪ್ರಿಲ್‌ನಲ್ಲಿ ಪ್ರಕಟವಾದ ಹೊಸ ನಿಯಮಗಳಿಗೆ 2026ರ ಏಪ್ರಿಲ್ 1 ಜಾರಿಯ ದಿನ. ಇದರಂತೆ 20,000 ಚದರ ಮೀಟರ್ ಅಥವಾ ಅದಕ್ಕೂ ಮೇಲ್ಪಟ್ಟ ಯೋಜನೆಯ ನಿರ್ಮಾಪಕನೇ ಮರುಬಳಕೆಯ ಗುರಿ ಮುಟ್ಟುವ ಹೊಣೆ ಹೊರಬೇಕು. ಒಳ್ಳೆಯದೇ. ಆದರೆ ನಮ್ಮ ನಿಮ್ಮ ಬಾತ್‌ರೂಮ್ ಈ ಬಲೆಯ ಕಣ್ಣಿಗೆ ಬೀಳುವಷ್ಟು ದೊಡ್ಡದಲ್ಲ. ಟವರಿನ ಬಿಲ್ಡರನನ್ನು ಹಿಡಿಯುವ ನಿಯಮ ಬಂತು, ಎಂಬತ್ತು ಗೋಣಿಯವನು ನುಣುಚಿಕೊಂಡ. ವಿಂಗ್‌ಗೆ ಹತ್ತು ಮನೆಯಂತೆ ದುರಸ್ತಿ ನಡೆದರೆ ಎಂಟುನೂರು ಗೋಣಿ. ಈ ಅಂತರ ತುಂಬಬೇಕಾದದ್ದು ಸೊಸೈಟಿಯ ಕಾರ್ಯಕಾರಿ ಸಮಿತಿಯೇ ಎಂದು ನನ್ನ ಅಭಿಪ್ರಾಯ.

ಇಲ್ಲಿಯೇ ಕಂಟೇನರ್‌ನ ಮಾತು ಬರುವುದು. ದುಬೈಯಲ್ಲೋ ಲಂಡನ್ನಿನಲ್ಲೋ ಮಕ್ಕಳಿರುವವರು ಕಟ್ಟಡದ ಮುಂದೆ ಇಡುವ ‘ಸ್ಕಿಪ್’ ಎಂಬ ದೊಡ್ಡ ಕಬ್ಬಿಣದ ತೊಟ್ಟಿಯನ್ನು ನೋಡಿರುತ್ತಾರೆ. ಖಾಲಿ ತಂದಿಟ್ಟು, ತುಂಬಿದ ಮೇಲೆ ಲಾರಿ ಎತ್ತಿಕೊಂಡು ಹೋಗುತ್ತದೆ. ನಮ್ಮಲ್ಲೂ ಪಾಲಿಕೆಗಳ ಲಾರಿಗಳು ಇಂಥದೇ ತೊಟ್ಟಿಗಳನ್ನು ಎತ್ತುತ್ತವೆ. ನಾಲ್ಕೂವರೆ ಘನ ಮೀಟರಿನ ತೊಟ್ಟಿ ಎಂದರೆ ಒಂದೂವರೆ ಬ್ರಾಸ್‌ಗಿಂತ ತುಸು ಹೆಚ್ಚು, ಎರಡು ಬಾತ್‌ರೂಮಿಗೆ ಸಾಕು. ಒಂದೇ ಮನೆಗೆ ಇದು ದುಬಾರಿಯಾದೀತು. ಮೂರು ನಾಲ್ಕು ಮನೆಯವರು ಕೆಲಸವನ್ನು ಒಂದೇ ತಿಂಗಳಿಗೆ ಹೊಂದಿಸಿಕೊಂಡು ಒಟ್ಟಾಗಿ ತರಿಸಿದರೆ ಹಗುರ.

ಆದರೆ ತೊಟ್ಟಿ ಇಡುವ ಜಾಗದ ಬಗ್ಗೆ ಎಚ್ಚರ ಬೇಕು. ಇಟ್ಟಿಗೆ-ಕಾಂಕ್ರೀಟ್ ತುಂಬಿದ ಇಂಥ ತೊಟ್ಟಿಯ ಭಾರ ಐದಾರು ಟನ್. ನಮ್ಮ ಹಳೆಯ ಸೊಸೈಟಿಗಳಲ್ಲಿ ಕಂಪೌಂಡಿನ ಖಾಲಿ ಜಾಗ ಎಂದು ಕಾಣುವುದರ ಅಡಿಯಲ್ಲಿ ಬಹಳ ಕಡೆ ನೀರಿನ ಟಾಂಕಿ ಅಥವಾ ಸೆಪ್ಟಿಕ್ ಟಾಂಕಿ ಇರುತ್ತದೆ. ಅದರ ಸ್ಲ್ಯಾಬಿನ ಮೇಲೆ ಈ ಭಾರ ಇಳಿಸಿದರೆ ಆಗುವುದನ್ನು ಹೇಳಬೇಕಾಗಿಲ್ಲ. ಅಗ್ನಿಶಾಮಕ ಬಂಬಿನ ದಾರಿ ಬಿಡಬೇಕು, ಅಂಚಿನ ಮೇಲೆ ಗೋಪುರ ಕಟ್ಟಬಾರದು, ರಾತ್ರಿ ತಾಡಪತ್ರಿ ಹೊದಿಸಬೇಕು. ತೆರೆದ ತೊಟ್ಟಿಗೆ ಬೆಳಗಾಗುವುದರೊಳಗೆ ಪಕ್ಕದ ಕಟ್ಟಡದ ಹಳೆಯ ಹಾಸಿಗೆ, ಥರ್ಮೋಕೋಲು, ಪೇಂಟಿನ ಡಬ್ಬಿ ಎಲ್ಲ ಬಂದು ಸೇರುತ್ತವೆ. ಬೆರೆತ ರಾಬಿಟ್ ಪುಡಿಮಾಡಿ ಮರುಬಳಸಲು ಬರುವುದಿಲ್ಲ. ಗ್ರಿಲ್, ಪೈಪು, ಬಾಗಿಲ ಚೌಕಟ್ಟು ಮೊದಲೇ ಭಂಗಾರದವನಿಗೆ ಹೋಗಲಿ. ಹಳೆಯ ಸಿಮೆಂಟ್ ಶೀಟುಗಳಲ್ಲಿ ಅಸ್ಬೆಸ್ಟಾಸ್ ಇರುವುದುಂಟು. ಅವನ್ನು ಒಡೆಯದೆ ಬೇರೆಯೇ ಇಡಬೇಕು.

ತೊಟ್ಟಿ ಬೇಡವೆನ್ನುವವರಿಗೆ ಮುಂಬಯಿ ಮಹಾನಗರಪಾಲಿಕೆಯ ‘ಡೆಬ್ರಿಸ್ ಆನ್ ಕಾಲ್’ ಸೇವೆ ಇದೆ. ಕರೆದರೆ ಗಾಡಿ ಬರುತ್ತದೆ, ಮಾಲು ದಹಿಸರ್ ಅಥವಾ ಶಿಲ್‌ಫಾಟಾದ ಸಂಸ್ಕರಣ ಘಟಕ ಸೇರುತ್ತದೆ. ಅಲ್ಲಿ ಅರೆದ ಕಾಂಕ್ರೀಟಿನಿಂದ ಪೇವರ್ ಬ್ಲಾಕ್‌ನಂಥವು ತಯಾರಾಗುತ್ತವೆ. ದರ ಮತ್ತು ದಿನವನ್ನು ವಾರ್ಡ್ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಒಡೆಯುವ ಕೆಲಸ ಆಮೇಲೆ ಶುರು ಮಾಡುವುದು ಜಾಣತನ. ಥಾಣೆ, ಡೊಂಬಿವಲಿ, ವಸಾಯಿಯಲ್ಲಿರುವ ಬಂಧುಗಳು ತಮ್ಮ ತಮ್ಮ ಪಾಲಿಕೆಯಲ್ಲೇ ಕೇಳಬೇಕು, ವ್ಯವಸ್ಥೆ ಎಲ್ಲ ಕಡೆ ಒಂದೇ ಅಲ್ಲ.

ನಮ್ಮ ಸೊಸೈಟಿಯಲ್ಲಿ ಈ ಬುದ್ಧಿ ಬಂದದ್ದು ಪೆಟ್ಟು ತಿಂದ ಮೇಲೆ. ಮೂರನೇ ಮಾಳಿಗೆಯ ಕೆಲಸ ಮುಗಿಸಿದ ಕಂತ್ರಾಟುದಾರ ನಲ್ವತ್ತು ಗೋಣಿ ಗೋಡೆಬದಿ ಬಿಟ್ಟು ಫೋನ್ ಎತ್ತುವುದನ್ನೇ ನಿಲ್ಲಿಸಿದ. ಜೂನ್ ಎರಡನೇ ವಾರದ ಮಳೆಗೆ ಗೋಣಿ ಹರಿದು ಗಟಾರ ಕಟ್ಟಿತು. ತಳಮಾಳಿಗೆಯಲ್ಲಿ ಒಬ್ಬರೇ ಇರುವ ಅಜ್ಜಿಯ ಮನೆಗೆ ಮೊಣಕಾಲುದ್ದ ನೀರು. ಅಕ್ಕಿ, ಔಷಧಿ, ಹಳೆಯ ಫೊಟೋಗಳ ಪೆಟ್ಟಿಗೆ ಎಲ್ಲ ಹೋಯಿತು. ಮೇಲಿನ ಮನೆಯವರು ‘ನಾವು ಪೂರ್ತಿ ಹಣ ಕೊಟ್ಟಿದ್ದೇವೆ’ ಎಂದರು. ಅದು ಸುಳ್ಳಾಗಿರಲಿಲ್ಲ.

ಆ ವರ್ಷದ ಮಹಾಸಭೆಯಲ್ಲಿ ನಿರ್ಣಯವಾಯಿತು: ದುರಸ್ತಿಗೆ ಅರ್ಜಿ ಕೊಡುವಾಗ ರಾಬಿಟ್‌ನ ಅಂದಾಜು, ಅದು ಹೋಗುವ ಜಾಗ, ಗಾಡಿಯ ನಂಬರ್ ಬರೆದು ಕೊಡಬೇಕು, ಜೊತೆಗೆ ಠೇವಣಿ. ಘಟಕದ ಪಾವತಿ ಅಥವಾ ಪಾಲಿಕೆಯ ರಶೀದಿ ತೋರಿಸಿದರೆ ಠೇವಣಿ ವಾಪಸು. ಮೇ 15ರ ನಂತರ ಒಡೆಯುವ ಕೆಲಸವಿಲ್ಲ. ಕಂತ್ರಾಟುದಾರನ ಕೊನೆಯ ಕಂತನ್ನೂ ರಶೀದಿ ಕೈಗೆ ಬಂದ ಮೇಲೆಯೇ ಕೊಡಿ ಎಂದು ಕಾರ್ಯದರ್ಶಿ ಪ್ರತಿ ಅರ್ಜಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದು ಕೊಡುತ್ತಾರೆ.